ಗರ್ಭಕಂಠದ ಕ್ಯಾನ್ಸರ್: ಲೇಸರ್ ಕಂಡದ್ದು, ವಿನೆಗರ್ ತೋರಿದ್ದು

‘ಪ್ರೋಟೀನ್ ನೋಡಿ ಗರ್ಭಕಂಠದ ಕ್ಯಾನ್ಸರನ್ನು ಮೊದಲೇ ಹಿಡಿಯುತ್ತಾರಂತೆ, ಪೇಪರಿನಲ್ಲಿ ಬಂದಿತ್ತು. ನಮ್ಮ ಕಂಪ್ಲಿ ಆಸ್ಪತ್ರೆಗೆ ಅದು ಯಾವಾಗ ಬರುತ್ತದೆ ಸರ್?’ ಇದು ಬುಕ್ಕಸಾಗರದ ಓದುಗರೊಬ್ಬರ ಪ್ರಶ್ನೆ. ಇಂಥ ಸುದ್ದಿ ಆಗಾಗ ಬರುತ್ತಿರುತ್ತದೆ, ಯಂತ್ರ ಮಾತ್ರ ಬರುವುದಿಲ್ಲ. ಹಾಗೆಂದು ಸುದ್ದಿ ಸುಳ್ಳಲ್ಲ. ಮಣಿಪಾಲದಲ್ಲಿ ವಿ.ಬಿ. ಕರ್ತಾ, ಸಂತೋಷ್ ಚಿದಂಗಿಲ್ ಮತ್ತು ಸಂಗಡಿಗರು ಈ ಕೆಲಸವನ್ನು ಮಾಡಿ 2010ರಲ್ಲೇ ಪ್ರಕಟಿಸಿದ್ದರು.

ಪ್ಯಾಪ್ ಪರೀಕ್ಷೆಗೆ ಕೆರೆದು ತೆಗೆಯುವಂತೆಯೇ ಗರ್ಭಕಂಠದ ಕೋಶಗಳನ್ನು ತೆಗೆದು, ಅವುಗಳ ಪ್ರೋಟೀನನ್ನು ಎಚ್‌ಪಿಎಲ್‌ಸಿ ಎಂಬ ವಿಧಾನದ ಸಣ್ಣ ಕೊಳವೆಯಲ್ಲಿ ಹಾಯಿಸಿದರು. ಆ ಕೊಳವೆಯನ್ನು ವಿರೂಪಾಕ್ಷನ ತೇರಿನ ದಿನದ ಹಂಪಿ ಬೀದಿ ಎಂದುಕೊಳ್ಳಿ. ಒಂದು ತುದಿಯಲ್ಲಿ ಜನ ಒಟ್ಟಿಗೇ ನುಗ್ಗುತ್ತಾರೆ. ಅಂಗಡಿಯ ಗೊಡವೆ ಇಲ್ಲದವರು ಸರಸರನೆ ದಾಟಿಬಿಡುತ್ತಾರೆ. ಬಳೆ, ಮಂಡಕ್ಕಿ, ಮಿರ್ಚಿಗೆ ಅಂಟಿಕೊಂಡವರು ಅಂಗಡಿ ಮುಚ್ಚತೊಡಗಿದ ಮೇಲೇ ಕದಲುವುದು. ಕೊಳವೆಯೊಳಗಿನ ಕಣಗಳಿಗೆ ಜಿಡ್ಡಿನ ಗುಣ. ನೀರಿಗೆ ಒಗ್ಗದ ಪ್ರೋಟೀನುಗಳು ಅವಕ್ಕೆ ಅಂಟಿ ನಿಲ್ಲುತ್ತವೆ. ದ್ರಾವಕವನ್ನು ಮೆಲ್ಲಗೆ ಬದಲಿಸುತ್ತ ಹೋದರೆ ಅವೂ ಒಂದೊಂದಾಗಿ ಬಿಟ್ಟು ಹೊರಡುತ್ತವೆ. ಬೀದಿಯ ಕೊನೆಯಲ್ಲಿ ಟಾರ್ಚು ಹಿಡಿದು ನಿಂತರೆ ಸಂಡೂರಿನ ಲಂಬಾಣಿ ಹೆಂಗಸರ ಕನ್ನಡಿ ಹೊಲಿದ ಕಸೂತಿ ಫಳಕ್ಕನೆ ಮಿಂಚುತ್ತದಲ್ಲ, ಪ್ರೋಟೀನಿನೊಳಗಿನ ಟ್ರಿಪ್ಟೊಫಾನ್ ಎಂಬ ಘಟಕ ಅತಿನೇರಳೆ ಲೇಸರಿಗೆ ಹಾಗೆ ಸಿಕ್ಕಿಬೀಳುತ್ತದೆ. (ಕನ್ನಡಿ ಬಿದ್ದ ಬೆಳಕನ್ನೇ ಮರಳಿಸುತ್ತದೆ, ಟ್ರಿಪ್ಟೊಫಾನ್ ಬೇರೆ ತರಂಗದ ಬೆಳಕು ಸೂಸುತ್ತದೆ. ಅಷ್ಟು ವ್ಯತ್ಯಾಸ ಮನ್ನಿಸಿ.) ಯಾವ ಹೊತ್ತಿಗೆ ಎಷ್ಟು ಮಿಂಚು ಎಂದು ಬರೆದಿಟ್ಟರೆ ಗುಂಪಿನ ಚಹರೆ ಸಿಗುತ್ತದೆ. ಯಾರ ಹೆಸರೂ ಗೊತ್ತಾಗಬೇಕಿಲ್ಲ. ಆರೋಗ್ಯವಂತ ಕೋಶದ ಚಹರೆ ಒಂದು ಬಗೆ, ಕ್ಯಾನ್ಸರಿನದು ಇನ್ನೊಂದು ಬಗೆ.

ಚಹರೆ ಬದಲಾಗುವುದಕ್ಕೆ ಮೂಲ ಎಚ್‌ಪಿವಿ ವೈರಾಣು. ಹರಾಲ್ಡ್ ಜುರ್ ಹೌಸೆನ್ 1983ರಲ್ಲಿ ಅದರ 16ನೇ ಬಗೆಯನ್ನು ಗಡ್ಡೆಯಲ್ಲಿ ಪತ್ತೆಹಚ್ಚಿ, 2008ರಲ್ಲಿ ನೊಬೆಲ್ ಪಡೆದರು. ವೈರಾಣುವಿನ ಇ6 ಪ್ರೋಟೀನು ಕೋಶದ ಕಾವಲುಗಾರ ಪಿ53ಯನ್ನು ನಾಶಮಾಡಿಸುತ್ತದೆ, ಇ7 ಇನ್ನೊಂದು ಕಾವಲನ್ನು ಕಟ್ಟಿಹಾಕುತ್ತದೆ. ಆಗ ಪಿ16 ಎಂಬ ಪ್ರೋಟೀನು ಕೋಶದಲ್ಲಿ ವಿಪರೀತ ಹೆಚ್ಚುತ್ತದೆ. ಪಿ16ಕ್ಕೆ ಬಣ್ಣ ಹಚ್ಚಿ ನೋಡುವ ಪರೀಕ್ಷೆಗೆ ಅಮೆರಿಕ 2020ರಲ್ಲಿ ಒಪ್ಪಿಗೆ ಕೊಟ್ಟಿತು.

ಸುದ್ದಿಗಳಲ್ಲಿ ಬರುವ ‘ಒಂದೇ ಹನಿ ರಕ್ತ ಸಾಕು’ ಎಂಬ ಮಾತನ್ನು ನಾನು ಸದ್ಯಕ್ಕೆ ನಂಬಲಾರೆ. ಮಣಿಪಾಲದವರು ನೋಡಿದ್ದು ಗರ್ಭಕಂಠದಿಂದಲೇ ತೆಗೆದ ಕೋಶಗಳನ್ನು. ಅವನ್ನು ತೆಗೆಯುವ ನರ್ಸಮ್ಮ, ತೆಗೆಸಿಕೊಳ್ಳಲು ನಾಚದ ಹೆಂಗಸು, ಇಬ್ಬರೂ ಬೇಕೇ ಬೇಕು.

ಇಷ್ಟಕ್ಕೂ ಒಂದು ಪ್ರೋಟೀನ್ ಪರೀಕ್ಷೆ ಈಗಾಗಲೇ ನಮ್ಮಲ್ಲಿದೆ. ಗರ್ಭಕಂಠಕ್ಕೆ ವಿನೆಗರಿನಷ್ಟೇ ತೆಳುವಾದ ಅಸಿಟಿಕ್ ಆಮ್ಲ ಸವರಿ ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಕೋಶಗಳಲ್ಲಿ ಪ್ರೋಟೀನು ದಟ್ಟವಾಗಿರುತ್ತದೆ. ಆಮ್ಲಕ್ಕೆ ಅದು ಗರಣೆಗಟ್ಟಿ ಆ ಜಾಗ ಬೆಳ್ಳಗಾಗುತ್ತದೆ. ಲೇಸರ್ ಬೇಡ, ಕಣ್ಣು ಸಾಕು. ಮುಂಬಯಿಯ ಟಾಟಾ ಆಸ್ಪತ್ರೆಯವರು ಹತ್ತನೇ ಕ್ಲಾಸು ಓದಿದ ಹೆಣ್ಣುಮಕ್ಕಳಿಗೆ ಇದನ್ನು ಕಲಿಸಿ, ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಹೆಂಗಸರ ಮೇಲೆ ಅಧ್ಯಯನ ನಡೆಸಿದರು. ಪರೀಕ್ಷೆ ಮಾಡಿಸಿಕೊಂಡವರ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಶೇ. 31ರಷ್ಟು ಇಳಿಯಿತು. 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಇದನ್ನು ಮಾಡಬೇಕೆಂದು ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿಯೇ ಹೇಳುತ್ತದೆ.

ಆದ್ದರಿಂದ ಕಂಪ್ಲಿಯಲ್ಲಿ ಮೊದಲು ಕೇಳಬೇಕಾದದ್ದು ಈ ಪರೀಕ್ಷೆಯನ್ನು. ಆದರೆ ಮುಟ್ಟು ನಿಂತವರಲ್ಲಿ, ಕ್ಯಾನ್ಸರ್ ಹುಟ್ಟುವ ಜಾಗವೇ ಒಳಕ್ಕೆ ಸರಿದಿರುವುದರಿಂದ, ಕಣ್ಣಿಗೆ ಬೀಳುವುದು ಕಷ್ಟ. ಮಣಿಪಾಲದ ಬಗೆಯ ಯಂತ್ರ ಮುಂದೆಂದಾದರೂ ಈ ಕಡೆ ಬಂದರೆ, ಅದರ ಮೊದಲ ಕೆಲಸ ಇಂಥವರಲ್ಲಿ.