ಸಂದೇಶದ ಅಂಚಿನಲ್ಲಿ ಅಡಗಿದ ರಕ್ತಹೀನತೆ

ಮುಖ ಬಿಳಿಚಿಕೊಂಡಿದೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಎಂದೊಡನೆ ನಾವು ದೂರುವುದು ಕಬ್ಬಿಣಾಂಶದ ಕೊರತೆಯನ್ನು. ಅನೇಕ ವೇಳೆ ಅದು ನಿಜವೂ ಹೌದು. ಆದರೆ ಥಲಸ್ಸೇಮಿಯಾ ಎಂಬ ರಕ್ತಹೀನತೆಯಲ್ಲಿ ದೋಷವಿರುವುದು ಊಟದಲ್ಲಲ್ಲ, ತಂದೆತಾಯಿಗಳಿಂದ ಬಂದ ಜೀನ್‌ಗಳಲ್ಲಿ.

ಆಮ್ಲಜನಕವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್‌ನಲ್ಲಿ ಆಲ್ಫಾ ಮತ್ತು ಬೀಟಾ ಗ್ಲೋಬಿನ್ ಎಂಬ ಪ್ರೋಟೀನ್ ಸರಪಳಿಗಳಿವೆ. ಅವನ್ನು ಹೆಣೆಯುವ ಸೂಚನೆಯನ್ನು ಜೀನ್‌ನಿಂದ ತರುವುದು ಸಂದೇಶವಾಹಕ ಆರ್‌ಎನ್‌ಎ. ಇದನ್ನೊಂದು ಕಾಗದವೆಂದು ಭಾವಿಸಿ. ನಡುವಿನ ಒಕ್ಕಣೆ ಮಾತ್ರ ಪ್ರೋಟೀನ್ ಆಗುತ್ತದೆ. ಮೇಲಿನ, ಕೆಳಗಿನ ಅಂಚುಗಳು ಆಗುವುದಿಲ್ಲ. ಹಾಗಾದರೆ ಅಂಚುಗಳೇಕೆ?

ಇಂಗ್ಲೆಂಡಿನ ಕೇಂಬ್ರಿಜ್‌ನ ವಿಜ್ಞಾನಿಗಳಾದ ಪ್ರೌಡ್‌ಫುಟ್ ಮತ್ತು ಬ್ರೌನ್ಲಿ 1976ರಲ್ಲಿ ಗ್ಲೋಬಿನ್ ಸೇರಿದಂತೆ ಆರು ಸಂದೇಶಗಳ ಕೆಳ ಅಂಚನ್ನು ಅಕ್ಷರಶಃ ಓದಿ ಹೋಲಿಸಿದರು. ಎಲ್ಲದರಲ್ಲೂ 'ಎ-ಎ-ಯು-ಎ-ಎ-ಎ' ಎಂಬ ಆರಕ್ಷರಗಳಿದ್ದವು! ಸಂದೇಶವನ್ನು ಎಲ್ಲಿ ಕತ್ತರಿಸಿ ಮುಗಿಸಬೇಕೆಂಬ ಗುರುತು ಅದು. 1983ರಲ್ಲಿ ಸೌದಿ ಅರೇಬಿಯಾದ ಆಲ್ಫಾ ಥಲಸ್ಸೇಮಿಯಾ ಪ್ರಕರಣವೊಂದರಲ್ಲಿ ಈ ಗುರುತಿನ ಕೊನೆಯ 'ಎ' ಇದ್ದಲ್ಲಿ 'ಜಿ' ಕಂಡುಬಂತು. ಒಕ್ಕಣೆ ಸರಿಯಿದ್ದೂ, ಅಂಚಿನ ಒಂದೇ ಅಕ್ಷರದಿಂದ ಕಾಯಿಲೆ!

ಇನ್ನೊಂದು ಉದಾಹರಣೆ, 1971ರಲ್ಲಿ ವರದಿಯಾದ 'ಕಾನ್‌ಸ್ಟಂಟ್ ಸ್ಪ್ರಿಂಗ್' ಹಿಮೋಗ್ಲೋಬಿನ್. ಜಮೈಕಾದ ಊರೊಂದರ ಹೆಸರಿದು. ಸಾಮಾನ್ಯ ಆಲ್ಫಾ ಸರಪಳಿಯಲ್ಲಿ 141 ಅಮೈನೊ ಆಮ್ಲಗಳಿದ್ದರೆ, ಇದರಲ್ಲಿ 172. 'ಇಲ್ಲಿ ನಿಲ್ಲಿಸು' ಎಂಬ ಸೂಚನೆಯೇ ಕೆಟ್ಟಿದ್ದರಿಂದ ಕೋಶವು ಅಂಚನ್ನೂ ಒಕ್ಕಣೆಯೆಂದು ಓದಿಬಿಡುತ್ತದೆ. ಆಗ ಅಂಚು ನೀಡುವ ರಕ್ಷಣೆ ತಪ್ಪಿ ಸಂದೇಶ ಬೇಗ ನಾಶವಾಗುತ್ತದೆ. ಸರಪಳಿ ತೀರ ಕಡಿಮೆ ತಯಾರಾಗುತ್ತದೆ.

ಇದರಿಂದ ನೀವು ತಿಳಿಯಬೇಕಾದದ್ದೇನು? ಕಬ್ಬಿಣದ ಮಾತ್ರೆ ಸರಿಯಾಗಿ ನುಂಗಿದರೂ ಹಿಮೋಗ್ಲೋಬಿನ್ ಏರದಿದ್ದರೆ ಮಾತ್ರೆಯನ್ನು ನೀವಾಗಿಯೇ ಹೆಚ್ಚಿಸಬೇಡಿ, ವೈದ್ಯರನ್ನು ಕಾಣಿ. ರಕ್ತಕಣಗಳ ಎಣಿಕೆ, ಕಬ್ಬಿಣಾಂಶದ ಪರೀಕ್ಷೆ, ಹಿಮೋಗ್ಲೋಬಿನ್ ಎ2 ಪರೀಕ್ಷೆಗಳಿಂದ ಬೀಟಾ ಥಲಸ್ಸೇಮಿಯಾ ವಾಹಕರನ್ನು ಸಾಮಾನ್ಯವಾಗಿ ಗುರುತಿಸಬಹುದು. ಆಲ್ಫಾ ಬಗೆಗೆ ಜೀನ್ ಪರೀಕ್ಷೆಯೇ ಬೇಕಾದೀತು.

ವಾಹಕರು ಆರೋಗ್ಯವಾಗಿಯೇ ಕಾಣುತ್ತಾರೆ. ಆದರೆ ಗಂಡಹೆಂಡಿರಿಬ್ಬರೂ ಬೀಟಾ ಥಲಸ್ಸೇಮಿಯಾ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ತಗಲುವ ಸಂಭವ ಶೇ. 25. ತೀವ್ರ ಬಗೆಯಾದರೆ ಆ ಮಗುವಿಗೆ ಮತ್ತೆ ಮತ್ತೆ ರಕ್ತ ಕೊಡಿಸಬೇಕಾಗುತ್ತದೆ. ಆದ್ದರಿಂದ ಮದುವೆಗೆ ಮುನ್ನ, ತಪ್ಪಿದರೆ ಬಸಿರಿನ ಮೊದಲ ತಿಂಗಳುಗಳಲ್ಲಾದರೂ ಈ ಪರೀಕ್ಷೆ ಮಾಡಿಸಿಕೊಳ್ಳಿ. ಜಾತಕ ನೋಡುವ ಮನೆಗಳಲ್ಲಿ ರಕ್ತಪರೀಕ್ಷೆಯ ಚೀಟಿಯನ್ನೂ ನೋಡುವುದು ಒಳ್ಳೆಯದು.