ಮಳೆಗಾಲಕ್ಕೆಂದು ಬೇಸಿಗೆಯ ಸೌತೆ

ಫೆಬ್ರವರಿ ಎರಡನೇ ವಾರದಲ್ಲಿ ತುಳುನಾಡಿಗೆ ಕೆಡ್ಡಸ. ಭೂಮಿತಾಯಿ ಮುಟ್ಟಾಗುವ ಆ ದಿನಗಳಲ್ಲಿ ಮಣ್ಣಿಗೆ ಹಾರೆ ತಾಗಿಸುವಂತಿಲ್ಲ. ಮೂಡುಬಿದಿರೆ–ಕಾರ್ಕಳ ದಾರಿಯ ಬೆಳುವಾಯಿಯಲ್ಲಿ ತರಕಾರಿ ಹಾಕುವವರಿಗೆ ಈ ಬಿಡುವು ಅನುಕೂಲದ್ದೇ. ಬೀಜ ಹುಡುಕಿ ಇಡಬಹುದು, ಸುಡುಮಣ್ಣಿನ ರಾಶಿಯೂ ಆರುತ್ತದೆ. ಕೆಡ್ಡಸ ಕಳೆದ ಮೇಲೆ ಬಿತ್ತಿದ ಮಂಗಳೂರು ಸೌತೆ 75–80 ದಿನಗಳಲ್ಲಿ, ಅಂದರೆ ಮೇ ಆರಂಭಕ್ಕೆ ಬಲಿಯುತ್ತದೆ. ಜೂನಿನಿಂದ ಮಳೆ ಹಿಡಿದುಕೊಂಡಾಗ ಸಾಂಬಾರಿಗೆ ಬೇಕಾದ ಕಾಯಿ ಅದು. ಬೇಸಿಗೆಯಲ್ಲಿ ಬೆಳೆಯುವುದು ಹೆಚ್ಚಾಗಿ ಮಳೆಗಾಲದ ಅಡುಗೆಗೆ.

ಜಾಗದ ಆಯ್ಕೆಯನ್ನು ನೀರೇ ಮಾಡುತ್ತದೆ. ಎತ್ತರದ ಬೆಟ್ಟು ಗದ್ದೆ ಆ ಹೊತ್ತಿಗೆ ಬಿರಿದಿರುತ್ತದೆ. ಭತ್ತ ಕೊಯ್ದ ಬೈಲು ಗದ್ದೆಯಲ್ಲಿ, ಬಾವಿಯ ಬದಿಯಲ್ಲಿ ಒಂದು ಅಡಿ ಕೆಳಗೆ ಇನ್ನೂ ತೇವ ಸಿಗುತ್ತದೆ. ಮುರಕಲ್ಲಿನ ಕೆಂಪು ಮಣ್ಣಿನಿಂದ ಸುಣ್ಣದಂಶವನ್ನು ಪ್ರತಿ ಮಳೆಗಾಲ ತೊಳೆದು ಒಯ್ಯುವುದರಿಂದ ಮಣ್ಣು ಹುಳಿಯಾಗಿರುತ್ತದೆ. ಒಲೆಯ ಬೂದಿ ಈ ಹುಳಿಯನ್ನು ತಗ್ಗಿಸುತ್ತದೆ, ಪೊಟ್ಯಾಷನ್ನೂ ಕೊಡುತ್ತದೆ. ಆದರೆ ಬೂದಿಯನ್ನು ಯೂರಿಯಾದ ಜೊತೆಗಾಗಲಿ ಹಸಿ ಕೋಳಿಗೊಬ್ಬರದ ಜೊತೆಗಾಗಲಿ ಕಲಸಬಾರದು. ಸಾರಜನಕ ಅಮೋನಿಯವಾಗಿ ಗಾಳಿಗೆ ಹೋಗುತ್ತದೆ.

ಹೊಂಡಕ್ಕೆ ಸುಡುಮಣ್ಣು, ಹುಡಿಯಾದ ಹಟ್ಟಿಗೊಬ್ಬರ ತುಂಬಿ ನಾಲ್ಕೈದು ಬೀಜ ಹಾಕಿ, ಮೊಳೆತ ಮೇಲೆ ಗಟ್ಟಿಯಾದ ಎರಡನ್ನು ಉಳಿಸಿದರೆ ಸಾಕು. ಉಳಿದವನ್ನು ಕಿತ್ತೆಸೆಯಲು ಮನಸ್ಸು ಬಾರದೆ ಐದನ್ನೂ ಬಿಟ್ಟವರಿಗೆ ಬಳ್ಳಿಯೇ ಬೆಳೆ. ಬುಡಕ್ಕೆ ದಪ್ಪಗೆ ತರಗೆಲೆ ಹಾಸಿದರೆ ಕೊಡಪಾನ ಹೊರುವ ಕೆಲಸ ಹಗುರಾಗುತ್ತದೆ. ಅಲಸಂಡೆ, ಬೆಂಡೆ, ಹರಿವೆಯನ್ನೂ ಇದೇ ಹೊತ್ತಿನಲ್ಲಿ ಬಿತ್ತಬಹುದು.

ಟೊಮೆಟೊ ಆಸೆ ಮಾತ್ರ ಬೇಡ. ಹಗಲು 35, ರಾತ್ರಿ 24 ಡಿಗ್ರಿ ದಾಟಿತೆಂದರೆ ಅದರ ಹೂವು ಕಾಯಿ ಕಚ್ಚದೆ ಉದುರುತ್ತದೆ. ನಮ್ಮ ಹುಳಿ ಮಣ್ಣಿನಲ್ಲಿ ಬ್ಯಾಕ್ಟೀರಿಯಾದ ಸೊರಗು ರೋಗವೂ ಇದೆ; ಬೆಳಿಗ್ಗೆ ಹಸಿರಾಗಿದ್ದ ಗಿಡ ಸಂಜೆಗೆ ನಿಂತಲ್ಲೇ ಬಾಡುತ್ತದೆ.

ಸೌತೆಗೆ ಎರಡೆಲೆ ಮೂಡಿದ ವಾರವೇ ಕೆಂಪು ದುಂಬಿಗಳ ಕಾಟ. ಮುಂಜಾನೆ ಇಬ್ಬನಿ ಆರುವ ಮೊದಲು ಎಲೆಯ ಮೇಲೆ ಬೂದಿ ಉದುರಿಸಿದರೆ ಅಂಟಿ ನಿಲ್ಲುತ್ತದೆ. ಕಾಯಿ ಬಂದ ಮೇಲೆ ಹಣ್ಣುನೊಣ. ಮಾವಿನ ತೋಟದ ಮಿಥೈಲ್ ಯೂಜಿನಾಲ್ ಬಲೆಯನ್ನೇ ತಂದು ಕಟ್ಟಿ, ನೊಣ ಬೀಳಲಿಲ್ಲವೆಂದು ಬೈಯುವವರಿದ್ದಾರೆ. ಸೌತೆ, ಹಾಗಲಕ್ಕೆ ಬರುವ ನೊಣವೇ ಬೇರೆ. ಅದಕ್ಕೆ ಕ್ಯೂಲ್ಯೂರ್ ಬಲೆ ಬೇಕು. ಬಲೆಗೆ ಬೀಳುವುದು ಗಂಡು ಮಾತ್ರ, ಹಾಗಾಗಿ ಚುಚ್ಚಿದ ಕಾಯಿಗಳನ್ನು ಹೆಕ್ಕಿ ಆಳವಾಗಿ ಹೂಳಲೇಬೇಕು. ಬೆಳುವಾಯಿಯಲ್ಲಿ ಸಮ್ಮಿಲನ್ ಶೆಟ್ಟಿಯವರ ಚಿಟ್ಟೆ ಪಾರ್ಕ್ ಇರುವುದರಿಂದ ಒಂದು ಮಾತು: ಕರಿಬೇವಿನ ಎಲೆ ತಿನ್ನುವ ಚಿಟ್ಟೆಮರಿ ಸೌತೆಯ ತಂಟೆಗೆ ಬಾರದು. ಅಲಸಂಡೆ ಕೋಡು ಕೊರೆಯುವ ಪುಟ್ಟ ನೀಲಿ ಚಿಟ್ಟೆಯ ಮರಿಯನ್ನು ಮಾತ್ರ ಕೈಯಿಂದಲೇ ತೆಗೆಯಬೇಕು.

ಏಪ್ರಿಲ್ ಮಧ್ಯದ ಬಿಸು ಹಬ್ಬದ ಕಣಿಗೆ ಒಂದೆರಡು ಕಾಯಿ ಸಿಗುತ್ತವೆ. ಕೂಡಿಡುವ ಕಾಯಿ ಮಾತ್ರ ಬಳ್ಳಿಯಲ್ಲೇ ಪೂರ್ತಿ ಬಲಿತು ಬಣ್ಣ ತಿರುಗಬೇಕು. ತೊಟ್ಟು ಉಳಿಸಿ ಕೊಯ್ದು, ನೆರಳಲ್ಲಿ ಆರಿಸಿ, ಬಾಳೆನಾರಿನಲ್ಲಿ ಹೆಣೆದು ಮಾಡಿನ ಪಕ್ಕಾಸಿಗೆ ಕಟ್ಟುತ್ತಾರೆ. ರಾಶಿ ಹಾಕಿದರೆ ಕಾಯಿಗೆ ಕಾಯಿ ತಾಗಿದಲ್ಲಿ ಬೆವರು ನಿಂತು ಕೊಳೆಯುತ್ತದೆ. ತೂಗಿದಾಗ ಸುತ್ತಲೂ ಗಾಳಿಯಾಡಿ ತಿಂಗಳುಗಟ್ಟಲೆ ಬಾಳುತ್ತದೆ. ಒಲೆಯ ಬಿಸಿ ತಾಗುವ ಹಳೆಯ ಅಡುಗೆಮನೆಯ ಮಾಡಿಗಿಂತ ಒಳ್ಳೆಯ ಉಗ್ರಾಣ ಇದಕ್ಕೆ ಇಲ್ಲ. ಕಾಂಕ್ರೀಟ್ ಮನೆಯವರು ಕಾರಿನ ಶೆಡ್ಡಿನಲ್ಲಿ ಹಗ್ಗ ಎಳೆದು ಕಟ್ಟುವುದೂ ಉಂಟು.

ಬೀಜಕ್ಕೆ ಇಡುವುದಾದರೆ ನೆರೆಯಲ್ಲಿ ಏನಿದೆಯೆಂದು ನೋಡಿಕೊಳ್ಳಬೇಕು. ಮುಳ್ಳುಸೌತೆ ಇದ್ದರೆ ಚಿಂತೆಯಿಲ್ಲ, ಅದು ಬೇರೆಯೇ ಜಾತಿ. ಪಾನಕಕ್ಕೆ ಬಳಸುವ ಇಬ್ಬುಡ್ಲ ಹಣ್ಣು ಮಾತ್ರ ಮಂಗಳೂರು ಸೌತೆಯದೇ ಜಾತಿ. ಜೇನ್ನೊಣ ಎರಡರ ಪರಾಗವನ್ನೂ ಬೆರೆಸುತ್ತದೆ. ಈ ವರ್ಷದ ಕಾಯಿಯಲ್ಲಿ ಏನೂ ಗೊತ್ತಾಗದು. ಮುಂದಿನ ವರ್ಷ ಬಿತ್ತಿದಾಗ ಅತ್ತ ಸಾಂಬಾರಿಗೂ ಇತ್ತ ಬೆಲ್ಲ ಹಾಕಿದ ಪಾನಕಕ್ಕೂ ಒದಗದ ಕಾಯಿ ಬಿಡುತ್ತದೆ. ಬೀಜ ತೆಗೆಯುವ ವರ್ಷ ಎರಡರಲ್ಲಿ ಒಂದನ್ನೇ ಹಾಕುವುದು ಲೇಸು.