ಕವಚ ಬಂದರೂ ಕೀಮನ್ ಬೇಕು

‘ಕವಚ ಬಂತಲ್ಲ, ಇನ್ನು ರೈಲು ಅಪಘಾತದ ಭಯವಿಲ್ಲ’ ಎಂಬ ಮಾತು ಬೀದರ್, ವಾಡಿಗಳಿಂದ ಹೈದರಾಬಾದಿಗೆ ಓಡಾಡುವವರಲ್ಲಿ ಸಾಮಾನ್ಯ. ಹೆಮ್ಮೆಗೆ ಕಾರಣವಿದೆ. ತಾನಾಗಿ ಬ್ರೇಕ್ ಹಾಕಿ ರೈಲು ನಿಲ್ಲಿಸುವ ಈ ಸುರಕ್ಷಾ ವ್ಯವಸ್ಥೆಯ ಮೊದಲ ಪ್ರಯೋಗಗಳು ನಡೆದದ್ದೇ ಲಿಂಗಂಪಳ್ಳಿ–ವಿಕಾರಾಬಾದ್–ವಾಡಿ, ವಿಕಾರಾಬಾದ್–ಬೀದರ್ ಮಾರ್ಗಗಳಲ್ಲಿ. 2022ರ ಮಾರ್ಚ್ 4ರಂದು ಗುಲ್ಲಗುಡ–ಚಿಟಗಿಡ್ಡ ನಡುವೆ ಪರೀಕ್ಷೆ ನಡೆದಾಗ, ಇನ್ನೊಂದು ಎಂಜಿನ್ 380 ಮೀಟರ್ ದೂರದಲ್ಲಿರುವಾಗಲೇ ಬ್ರೇಕ್ ತಾನಾಗಿ ಬಿದ್ದಿತ್ತು.

ಆದರೆ ಕವಚದ ಕೆಲಸಕ್ಕೆ ಮಿತಿಯಿದೆ. ಚಾಲಕ ಕೆಂಪು ಸಿಗ್ನಲ್ ದಾಟಿದರೆ, ವೇಗದ ಮಿತಿ ಮೀರಿದರೆ ಅದು ಗಾಡಿ ನಿಲ್ಲಿಸುತ್ತದೆ. ಹಳಿಯೊಳಗೆ ಬೆಳೆಯುತ್ತಿರುವ ಬಿರುಕು, ಸಡಿಲಗೊಂಡ ಕ್ಲಿಪ್, ಮಳೆಗೆ ಕೊಚ್ಚಿಹೋದ ಜಲ್ಲಿ ಅದಕ್ಕೆ ಕಾಣುವುದಿಲ್ಲ. ಅವನ್ನು ಕಾಣುವವರು ಸುತ್ತಿಗೆ, ಸ್ಪ್ಯಾನರ್, ಕೆಂಪು ಬಾವುಟ ಹಿಡಿದು ದಿನವೂ ತನ್ನ ಪಾಲಿನ ಹಳಿಯುದ್ದಕ್ಕೂ ನಡೆಯುವ ಕೀಮನ್, ಅಲ್ಟ್ರಾಸಾನಿಕ್ ಯಂತ್ರ ತಳ್ಳಿಕೊಂಡು ಹೋಗುವ ಸಿಬ್ಬಂದಿ. ಬೇಸಿಗೆಯಲ್ಲಿ ಹಳಿ ಹಿಗ್ಗಿ ಸೊಟ್ಟಗಾಗಬಹುದು, ಚಳಿಯಲ್ಲಿ ಕುಗ್ಗಿ ಮುರಿಯಬಹುದು; ಎರಡೂ ಕಾಲಕ್ಕೆ ಬೇರೆ ಬೇರೆ ಗಸ್ತು ಇರುವುದು ಅದಕ್ಕೇ.

‘ಅಪಘಾತವೆಂದರೆ ಚಾಲಕನ ತಪ್ಪು’ ಎಂಬುದು ಇನ್ನೊಂದು ನಂಬಿಕೆ. 2019ರ ನವೆಂಬರ್ 11ರಂದು ಹೈದರಾಬಾದಿನ ಕಾಚಿಗುಡದಲ್ಲಿ ಎಂಎಂಟಿಎಸ್ ಲೋಕಲ್ ರೈಲು ಹಂದ್ರಿ ಎಕ್ಸ್‌ಪ್ರೆಸ್‌ಗೆ ಡಿಕ್ಕಿ ಹೊಡೆದಾಗ ಸಿಗ್ನಲ್ ಮೀರಿದ್ದೇ ಕಾರಣವೆಂದು ಪ್ರಾಥಮಿಕ ತನಿಖೆ ಹೇಳಿತು. ನಜ್ಜುಗುಜ್ಜಾದ ಕ್ಯಾಬಿನ್‌ನಲ್ಲಿ ಸುಮಾರು ಎಂಟು ತಾಸು ಸಿಕ್ಕಿಕೊಂಡಿದ್ದ ಚಾಲಕ ಕೆಲವು ದಿನಗಳ ನಂತರ ಆಸ್ಪತ್ರೆಯಲ್ಲಿ ತೀರಿಕೊಂಡರು. ಮನುಷ್ಯ ಒಂದು ಕ್ಷಣ ತಪ್ಪಿದಾಗ ತಡೆಯುವ ಸಾಧನವಿಲ್ಲದಿದ್ದರೆ, ಆ ಹೊರೆ ಪೂರ್ತಿ ಅವನ ಮೇಲೆ ಹಾಕುವುದು ನ್ಯಾಯವಲ್ಲ. 2023ರ ಜೂನ್ 2ರಂದು ಒಡಿಶಾದ ಬಾಲೇಶ್ವರದ ರೈಲು ಅಪಘಾತದಲ್ಲಿ 290ಕ್ಕೂ ಹೆಚ್ಚು ಜನ ಸತ್ತಾಗ ಚಾಲಕನಿಗೆ ಸಿಕ್ಕಿದ್ದು ಹಸಿರು ಸಿಗ್ನಲ್. ಸಿಗ್ನಲ್ ಸರ್ಕ್ಯೂಟ್‌ನ ಕಾಮಗಾರಿಯಲ್ಲಾದ ತಪ್ಪು ಗಾಡಿಯನ್ನು ಲೂಪ್ ಲೈನಿಗೆ ತಿರುಗಿಸಿತ್ತು.

‘ಕಾಮಗಾರಿ ಅಂತ ರೈಲು ರದ್ದು ಮಾಡುವುದು ಬರೀ ನೆಪ’ ಎಂಬ ಮೂರನೆಯದಂತೂ ತೀರಾ ಅಪಾಯಕಾರಿ. ಹಳಿ ಬದಲಿಸುವುದು, ಜಲ್ಲಿ ಗಟ್ಟಿ ಮಾಡುವುದು ಗಾಡಿ ಓಡುವಾಗ ಆಗದ ಕೆಲಸ. ಕೆಲವು ತಾಸು ಆ ಹಳಿಯ ಮೇಲೆ ಓಡಾಟ ನಿಲ್ಲಿಸುವ ಲೈನ್ ಬ್ಲಾಕ್ ಬೇಕೇ ಬೇಕು. ಸಿಕಂದರಾಬಾದಿನಂಥ ಕಿಕ್ಕಿರಿದ ಜಂಕ್ಷನ್ನಿನಲ್ಲಿ ಆ ಕೆಲವು ತಾಸು ಸಿಗುವುದೇ ಕಷ್ಟ. ಬ್ಲಾಕ್ ಇರುವ ದಿನ ಮುಂಚಿತವಾಗಿ ತಿಳಿಸಿ, ಬದಲಿ ಬಸ್ಸು ಕೊಡಿ ಎಂದು ಜೋರಾಗಿ ಕೇಳೋಣ. ಬ್ಲಾಕೇ ಬೇಡ ಎಂದು ಮಾತ್ರ ಕೇಳಬೇಡಿ.